ಸುಂದರಮ್ಮನವರ ಮನೆಯ ತೊಟ್ಟಿಲು

ದೇವರಾಜು ಹೆದರುಪುಕ್ಕಲನಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬೇರೆ ಯಾರೂ ಹೇಳಿದ್ದಿಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿಗಳನ್ನು ತಂದು, ಹಗಲು ಹೊತ್ತಿನಲ್ಲಿ ಮಾತ್ರ, ಅದೂ ಹೆಂಡತಿ ಪಕ್ಕದ ಕೋಣೆಯಲ್ಲಿ ಓಡಾಡುತ್ತಿದ್ದರೆ ಮಾತ್ರ ಓದುತ್ತಿದ್ದ. ಅಷ್ಟೆಲ್ಲ ಓದಿದ ಮೇಲೆ, ಎದುರಿಗಿರುವವರ ಒಳಗನ್ನು ಮುಖ ನೋಡಿಯೇ ತಿಳಿಯುವ ಶಕ್ತಿ ತನಗೆ ಬಂದಿದೆ ಎಂಬ ನಂಬಿಕೆ ಅವನಿಗಿತ್ತು. ಈ ನಂಬಿಕೆಯಿಂದ ಜಯಲಕ್ಷ್ಮಿಪುರಂನಲ್ಲಿ ಯಾರಿಗೂ ತೊಂದರೆಯಾಗಿರಲಿಲ್ಲ, ಆ ಭಾನುವಾರದವರೆಗೆ.

ಅದು ನಯಾಪೈಸೆ ಬಂದ ವರ್ಷ. ದಸರಾ ಹತ್ತಿರವಾಗಿತ್ತು. ಬಡಾವಣೆಯ ಮಹಿಳಾ ಸಮಾಜದ ಅಧ್ಯಕ್ಷೆ ಸುಮಿತ್ರಮ್ಮನವರು, ಈ ಸಲ ಗೊಂಬೆ ಕೂರಿಸುವ ಸ್ಪರ್ಧೆ ಬೇಡ, ಶಿಶು ಪ್ರದರ್ಶನ ಇಡೋಣ ಎಂದರು. ಹಿಂದಿನ ವರ್ಷ ಗೊಂಬೆಗಳಿಂದಾಗಿ ಒಂದೇ ಬೀದಿಯ ಇಬ್ಬರು ಮಾತು ಬಿಟ್ಟಿದ್ದರು. ಮಕ್ಕಳ ವಿಷಯದಲ್ಲಿ ಹೆಂಗಸರು ಹೆಚ್ಚು ಉದಾರವಾಗಿರುತ್ತಾರೆಂದು ಸುಮಿತ್ರಮ್ಮನವರ ಎಣಿಕೆ. ಅವರಿಗೆ ಮಕ್ಕಳಿರಲಿಲ್ಲ.

ವರ್ಷ ತುಂಬದ ಕೂಸುಗಳಲ್ಲಿ ಎಲ್ಲಕ್ಕಿಂತ ಪುಷ್ಟಿಯಾದ ಕೂಸಿಗೆ, ಹಾಲು ಕುಡಿಸುವ ಬೆಳ್ಳಿಯ ಒಳಲೆ ಬಹುಮಾನ. ನಿಯಮ ಒಂದೇ. ಮಗುವನ್ನು ತಾಯಿಯೇ ತನ್ನ ಮನೆಯಲ್ಲಿ, ತನ್ನ ಕೈಯಾರೆ ಸಾಕಿರಬೇಕು; ಅಜ್ಜಿಯರ ಕೈಗೆ ಕೊಟ್ಟಿರಬಾರದು. "ಅಜ್ಜಿಯರ ಕಾಲ ಮುಗಿಯಿತು" ಎಂದು ಸುಮಿತ್ರಮ್ಮನವರು ಭಾಷಣದಲ್ಲಿ ಸಾರಿದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟಬಸಮ್ಮನವರು ಜೋರಾಗಿ ತಲೆದೂಗಿದರು. ಪುಟ್ಟಬಸಮ್ಮನವರು ಸ್ವತಃ ಅಜ್ಜಿ. ಯಾರು ಏನೆಂದರೂ ತಲೆದೂಗುವುದು ಅವರ ಹುಟ್ಟುಗುಣ.

ದೇವರಾಜುವಿನ ಹೆಂಡತಿ ಮಂಗಳಮ್ಮನಿಗೆ ಒಂಬತ್ತು ತಿಂಗಳ ಮಗ, ಮುದ್ದುರಾಜ. ಪಕ್ಕದ ಮನೆಯ ಸುಂದರಮ್ಮನಿಗೆ ಅದೇ ವಯಸ್ಸಿನ ಮಗಳು, ನಳಿನಿ. ಪ್ರದರ್ಶನದ ಮಾತು ಬರುವ ಮೊದಲು ಎರಡೂ ಒಂದೇ ಚಾಪೆಯ ಮೇಲೆ ಉರುಳಾಡುತ್ತಿದ್ದವು. ಒಂದರ ಗಿಲಕಿ ಇನ್ನೊಂದರ ಬಾಯಲ್ಲಿರುತ್ತಿತ್ತು. ಮಾತು ಬಂದ ಮೇಲೆ ಚಾಪೆ ಎರಡಾಯಿತು. ಆಮೇಲೆ ಸುಂದರಮ್ಮನ ಚಾಪೆ ಮನೆಯೊಳಕ್ಕೆ ಹೋಯಿತು.

ಸುಂದರಮ್ಮ ಇಂಟರ್‌ಮೀಡಿಯೆಟ್ ಓದಿದವಳು. ಡಬ್ಬದ ಹಾಲಿನ ಪುಡಿ, ಗಡಿಯಾರ ನೋಡಿ ಹಾಲು, ಗಡಿಯಾರ ನೋಡಿ ನಿದ್ದೆ; ಹೊಸ ಪದ್ಧತಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮಂಗಳಮ್ಮ ಇಲವಾಲದ ಹುಡುಗಿ. ರಾಗಿ ಸರಿ, ಹರಳೆಣ್ಣೆ, ಬಿಸಿನೀರು ಇಷ್ಟರಲ್ಲೇ ಮಗ ಬೆಳೆಯುತ್ತಿದ್ದ. ಹೊಸ ಪದ್ಧತಿ ಎಲ್ಲಿ ಗೆದ್ದುಬಿಡುತ್ತದೋ ಎಂಬ ದಿಗಿಲು ಅವಳಿಗೆ. ಒಂದು ತಿಂಗಳಿಂದ ನಳಿನಿ ಹೊರಗೆ ಕಾಣಿಸಿಕೊಂಡಿರಲಿಲ್ಲವಾಗಿ ದಿಗಿಲು ಇನ್ನೂ ಹೆಚ್ಚಿತ್ತು. ತೊಟ್ಟಿಲು ಕಿರುಗುಟ್ಟುವ ಸದ್ದು ದಿನವಿಡೀ ಕೇಳಿಸುತ್ತಿತ್ತು, ಜೋಗುಳ ಕೇಳಿಸುತ್ತಿತ್ತು, ಮಗುವಿನ ಅಳು ಮಾತ್ರ ಇಲ್ಲ.

"ಟೈಮ್ ಪ್ರಕಾರ ಬೆಳೆದ ಮಗು ಅಳೋಲ್ಲ ಕಣ್ರೀ" ಎಂದು ಸುಂದರಮ್ಮ ಗೇಟಿನ ಹತ್ತಿರವೇ ನಿಂತು ಎಲ್ಲರಿಗೂ ಹೇಳಿ ಕಳಿಸುತ್ತಿದ್ದಳು. "ಈಗ ಮಲಗೋ ಹೊತ್ತು. ನೋಡೋ ಹಾಗಿಲ್ಲ."

"ಒಳಗಿಟ್ಕೊಂಡು ಊದಿಸ್ತಿದಾರೆ ಕಣ್ರೀ" ಎಂದು ಮಂಗಳಮ್ಮ ಆ ಭಾನುವಾರ ಬೆಳಿಗ್ಗೆ ಗಂಡನಿಗೆ ಹೇಳಿದಳು. "ಅವರ ಮನೇಲಿ ರುಬ್ಬೋ ಸದ್ದೂ ಇಲ್ಲ. ದೋಸೆ ಹುಯ್ದು ತಿಂಗಳಾಯ್ತು. ಅಡುಗೆ ಬಿಟ್ಟು ಮಗು ಮುಂದೇನೇ ಕೂತಿರ್ತಾಳೆ ಅಂತ ಕಾಣತ್ತೆ. ನೀವು ಪೇಪರ್ ಕೇಳೋ ನೆಪದಲ್ಲಿ ಹೋಗಿ ಒಂದ್ಸಲ ನೋಡ್ಕೊಂಡ್ ಬನ್ನಿ."

"ನಾನೇನು ನೋಡ್ಲಿ?"

"ತೊಡೆ ನೋಡಿ. ಎಷ್ಟು ಮಡಿಕೆ ಇದೆ ಅಂತ."

"ಹೆಣ್ಣುಮಗೂ ತೊಡೆ ನೋಡಕ್ಕೆ ಹೋದೆ ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ?"

"ಒಂಬತ್ತು ತಿಂಗಳ ಕೂಸು ಕಣ್ರೀ ಅದು!"

ದೇವರಾಜು ಹೊರಟ. ಸುಂದರಮ್ಮನ ಗೇಟಿನ ಮುಂದೆ ಅವನ ಕಾಲು ನಿಂತಿತು. ಯಾರೋ ನಿವಾಳಿಸಿ ಹಾಕಿದ್ದರು. ಕುಂಕುಮ ಕಲಸಿದ ಕೆಂಪನ್ನದ ಉಂಡೆಗಳು, ಕರಕಲಾದ ಮೆಣಸಿನಕಾಯಿ. ದೃಷ್ಟಿ ತೆಗೆದದ್ದನ್ನು ಮೂರು ದಾರಿ ಕೂಡುವ ಕಡೆ ಹಾಕುವುದು ವಾಡಿಕೆ. ಇದು ಸರಿಯಾಗಿ ಗೇಟಿಗೇ ಬಿದ್ದಿತ್ತು. ಉಂಡೆಗಳಿದ್ದದ್ದು ಒಂದು ಮಣ್ಣಿನ ಮುಚ್ಚಳದಲ್ಲಿ. ಅದರ ಅಂಚು ಒಂದು ಕಡೆ ಮುಕ್ಕಾಗಿತ್ತು. ಆ ಮುಕ್ಕನ್ನು ದೇವರಾಜು ಬಲ್ಲ. ಅವನ ಮನೆಯ ಮೊಸರಿನ ಗಡಿಗೆಯ ಮುಚ್ಚಳ ಅದು. ಕೈಜಾರಿಸಿ ಮುಕ್ಕು ಮಾಡಿದವನೂ ಅವನೇ. ಆಗ ಅವನು ಅದಕ್ಕೆ ಹೆಚ್ಚಿನ ಬೆಲೆ ಕೊಡದೆ ದಾಟಿಕೊಂಡು ಹೋದ.

ಜಗುಲಿಯ ಮೇಲೆ ನಿಂತು "ಪೇಪರ್ ಇದೆಯೇನಮ್ಮಾ" ಎಂದ. ಉತ್ತರವಿಲ್ಲ. ಹಿಂದಿನ ಅಡುಗೆಮನೆಯಿಂದ ಜೋಗುಳ ಕೇಳಿಸುತ್ತಿತ್ತು. ಜಗುಲಿಗೆ ತೆರೆದಿದ್ದ ಕೋಣೆಯ ಕಿಟಕಿಯಲ್ಲಿ ಇಣುಕಿದ. ಕೋಣೆಯಲ್ಲಿ ಯಾರೂ ಇಲ್ಲ. ತೊಟ್ಟಿಲು ತಾನೇ ತಾನಾಗಿ ತೂಗುತ್ತಿತ್ತು.

ಅವನು ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡ. ಆಮೇಲೆ ತೊಟ್ಟಿಲಿಗೆ ಕಟ್ಟಿದ ಹಗ್ಗ ಬಾಗಿಲಾಚೆ ಅಡುಗೆಮನೆಗೆ ಹೋಗಿರುವುದು ಕಂಡಿತು. ಸುಂದರಮ್ಮ ಕೆಲಸ ಮಾಡುತ್ತ ಅಲ್ಲಿಂದಲೇ ಎಳೆಯುತ್ತಿದ್ದಳು. ದೇವರಾಜು ಉಸಿರು ಬಿಟ್ಟ. ತೊಟ್ಟಿಲು ಕಿಟಕಿಗೆ ಹತ್ತಿರವೇ ಇತ್ತು. ಒಳಗೆ ಉಣ್ಣೆಯ ಕುಲಾವಿ, ಅದರ ಕೆಳಗೆ ಕತ್ತಿನವರೆಗೆ ಹೊದಿಸಿದ ದುಪ್ಪಟಿ. ಮುಖ ಆಚೆ ತಿರುಗಿತ್ತು. ತೊಡೆಯ ಮಡಿಕೆ ಹೀಗೆ ಕಾಣುವುದು ಸಾಧ್ಯವೇ ಇರಲಿಲ್ಲ. ಹೆಂಡತಿಯ ಆಜ್ಞೆಯನ್ನು ನೆನೆದು, ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ, ದುಪ್ಪಟಿಯ ಕೆಳಗೆ ಮೆಲ್ಲನೆ ಮುಟ್ಟಿದ.

ತಣ್ಣಗಿತ್ತು. ಸೆಟೆದಿತ್ತು. ಅಲುಗಲಿಲ್ಲ.

ಅವನು ಕೈ ಎಳೆದುಕೊಳ್ಳುವಷ್ಟರಲ್ಲಿ ಅಡುಗೆಮನೆಯಲ್ಲಿ ಹಗ್ಗ ಜಗ್ಗಿತು. ತೊಟ್ಟಿಲು ತೂಗಿಬಂದು ಆ ತಣ್ಣನೆಯದು ಇನ್ನೊಮ್ಮೆ ಅವನ ಬೆರಳಿಗೆ ತಾಗಿತು. ಒಳಗೆ ತಾಯಿ ಜೋಗುಳದ ಎರಡನೆಯ ನುಡಿ ಎತ್ತಿಕೊಂಡಿದ್ದಳು.

ದೇವರಾಜು ಮನೆಗೆ ಹೇಗೆ ಬಂದನೆಂಬುದು ಅವನಿಗೆ ಆಮೇಲೂ ನೆನಪಾಗಲಿಲ್ಲ. ಒಂದು ಕಾಲಿನ ಚಪ್ಪಲಿ ಸುಂದರಮ್ಮನ ಜಗುಲಿಯಲ್ಲಿಯೇ ಉಳಿದಿತ್ತು.

"ಎಷ್ಟು ಮಡಿಕೆ?" ಎಂದಳು ಮಂಗಳಮ್ಮ.

"ಒಂದೂ ಇಲ್ಲ."

"ಒಂದೂ ಇಲ್ವಾ!" ಮಂಗಳಮ್ಮನ ಮುಖ ಅರಳಿತು. "ಅಯ್ಯೋ ಪಾಪ" ಎಂದಳು, ನಗುತ್ತ.

ಆ ನಗುವನ್ನು ಕಂಡು ದೇವರಾಜು ಒಂದು ಹೆಜ್ಜೆ ಹಿಂದೆ ಸರಿದ. ಮುಕ್ಕಾದ ಮುಚ್ಚಳ ಆಗ ಕಣ್ಣ ಮುಂದೆ ಬಂದು ನಿಂತಿತು.

"ನಿನ್ನೆ ಸಂಜೆ ನಾನು ಲೈಬ್ರರಿಗೆ ಹೋದಾಗ ನೀನು ಎಲ್ಲಿಗೆ ಹೋಗಿದ್ದೆ?"

ಮಂಗಳಮ್ಮನ ಕೈಯ ಸೌಟು ನೆಲಕ್ಕೆ ಬಿತ್ತು. "ಎಲ್ಲೂ ಇಲ್ಲ."

"ಮೊಸರಿನ ಗಡಿಗೆ ಮುಚ್ಚಳ ಎಲ್ಲಿ?"

"ಒಡೆದು ಹೋಯ್ತು" ಎಂದಳು. ಮುಖ ಬಿಳಿಚಿಕೊಂಡಿತ್ತು.

ಕಾದಂಬರಿಗಳಲ್ಲಿ ಪತ್ತೇದಾರನಿಗೆ ಇಷ್ಟರ ಹೊತ್ತಿಗೆ ಎಲ್ಲವೂ ತಿಳಿದು, ಅವನು ಸಿಗರೇಟು ಹಚ್ಚುತ್ತಾನೆ. ದೇವರಾಜುವಿಗೂ ಎಲ್ಲ ತಿಳಿಯಿತು. ಆದರೆ ಪತ್ತೇದಾರರಿಗೆ ಹೆಂಡತಿಯಿರುವುದಿಲ್ಲ. ಕೆಂಪನ್ನದಲ್ಲಿ ಏನಿತ್ತು? ಗೇಟಿಗೆ ಹಾಕುವ ಮೊದಲು ಅದು ಮನೆಯೊಳಕ್ಕೂ ಹೋಗಿತ್ತೇ? ಬೆಳ್ಳಿಯ ಒಂದು ಒಳಲೆಗಾಗಿ ಇಲವಾಲದ ಮಂಗಳಮ್ಮ ಇಂಥ ಕೆಲಸ ಮಾಡಿದಳೇ? ಅವಳು ಮುದ್ದುರಾಜನನ್ನು ತೊಡೆಯ ಮೇಲೆ ಹಾಕಿಕೊಂಡು ರಾಗಿ ಸರಿಯನ್ನು ಬೆರಳಿಂದ ಬಾಯಿಗಿಡುತ್ತಿದ್ದಳು. ಮಗು ಬೆರಳು ಸಮೇತ ಚೀಪುತ್ತಿತ್ತು. ಪೊಲೀಸರು ಬಂದರೆ ಈ ಕೈಗೇ ಬೇಡಿ. ಆಮೇಲೆ ಈ ಮಗುವಿಗೆ ಸರಿ ಉಣಿಸುವವರಾರು? ತನಗೆ ಸರಿ ಕಾಯಿಸಲು ಬರುವುದಿಲ್ಲ, ಗಂಟಾಗುತ್ತದೆ.

"ಇವತ್ತೇ ಮಗೂನ ಎತ್ಕೊಂಡು ಇಲವಾಲಕ್ಕೆ ಹೋಗು" ಎಂದ.

"ಹಬ್ಬ ಇಟ್ಕೊಂಡು?"

"ಯಾರಾದ್ರೂ ಕೇಳಿದ್ರೆ ಮಾಡಿದ್ದು ನಾನೇ ಅಂತ ಹೇಳ್ತೀನಿ. ನೀನು ಬಾಯಿ ಬಿಡಬೇಡ. ಮುದ್ದುರಾಜ ದೊಡ್ಡವನಾದ ಮೇಲೆ, ನಿಮ್ಮಪ್ಪ ಒಳ್ಳೆಯೋನು ಅಂತ ಹೇಳು. ಅಷ್ಟು ಸಾಕು."

ಮಂಗಳಮ್ಮ ಗಾಬರಿಯಿಂದ ಎದ್ದು ಅವನ ಹಣೆ ಮುಟ್ಟಿದಳು. "ಮೈ ತಣ್ಣಗಿದೆಯಲ್ರೀ" ಎಂದಳು. ತಣ್ಣಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ದೇವರಾಜು ಗೋಡೆ ಹಿಡಿದು ಕುಸಿದು ಕೂತ.

ಎದುರು ಮನೆಯ ಕೆಂಪಯ್ಯನವರು ಪುಟ್ಟಬಸಮ್ಮನವರ ಗಂಡ, ಕೋರ್ಟಿನಲ್ಲಿ ಅಮೀನರಾಗಿದ್ದು ನಿವೃತ್ತರಾದವರು. ಸಾಲಗಾರರ ಪಾತ್ರೆ ಪಗಡಿ ಜಪ್ತಿ ಮಾಡುವುದು ಅವರ ಕೆಲಸವಾಗಿತ್ತು. ಆದ್ದರಿಂದ ಬೀದಿಯಲ್ಲಿ ಕಾನೂನೆಂದರೆ ಅವರೇ. ದೇವರಾಜು ಅವರ ಜಗುಲಿಗೆ ಹೋಗಿ ಕೂತ.

"ಕೆಂಪಯ್ನೋರೇ, ಒಬ್ಬ ಮನುಷ್ಯ ಇದಾನೆ ಅಂತಿಟ್ಕೊಳಿ. ನಾನಲ್ಲ."

"ಸರಿ, ನೀನಲ್ಲ."

"ಅವನ ಮನೆಯೋರು ತಪ್ಪು ಮಾಡಿದ್ರೆ, ನಾನೇ ಮಾಡಿದ್ದು ಅಂತ ಅವನು ಒಪ್ಕೋಬೋದಾ?"

"ಎಂಥಾ ತಪ್ಪು?"

"ದೊಡ್ಡದು."

"ಮೊದಲು ಪಾತ್ರೆ ಜಪ್ತಿ ಮಾಡ್ತಾರೆ" ಎಂದರು ಕೆಂಪಯ್ಯನವರು, ಅಭ್ಯಾಸಬಲದಿಂದ.

"ಅದಕ್ಕೂ ದೊಡ್ಡದು."

"ಹಂಡೆ?"

ದೇವರಾಜುವಿನ ಕಣ್ಣಲ್ಲಿ ನೀರು ಬಂತು. ಹಂಡೆಗೆ ಅಳುವ ಮನುಷ್ಯನನ್ನು ಕೆಂಪಯ್ಯನವರು ಸರ್ವಿಸಿನಲ್ಲಿ ಬೇಕಾದಷ್ಟು ನೋಡಿದ್ದರು. ಈ ಅಳು ಹಂಡೆಯದಲ್ಲ ಎಂದು ಅವರಿಗೆ ತಿಳಿದುಹೋಯಿತು. ಹತ್ತಿರ ಸರಿದು ಬೆನ್ನು ಸವರಿ ಕೇಳಿದರು. ಹೆಂಡತಿಯ ವಿಷಯವನ್ನು ದೇವರಾಜು ನುಂಗಿಕೊಂಡ. ಮಗುವಿನ ವಿಷಯ ನುಂಗಲಾಗಲಿಲ್ಲ. "ಸುಂದರಮ್ಮನ ಕೂಸು ತಣ್ಣಗಾಗ್ಬುಟ್ಟಿದೆ. ನಾನು ಮುಟ್ಟಿ ನೋಡ್ದೆ. ಆಯಮ್ಮಂಗೆ ಇನ್ನೂ ಗೊತ್ತಿಲ್ಲ. ತೂಗ್ತಾ ಕೂತಿದಾಳೆ" ಎಂದ.

ಕೆಂಪಯ್ಯನವರು ಜಗುಲಿಯಿಂದ ಎದ್ದರು. ಆಮೇಲೆ ಒಳಗೆ ಹೋಗಿ, ಯಾರಿಗೂ ಹೇಳಬೇಡ ಎಂದು ಹೆಂಡತಿಗೆ ಹೇಳಿದರು. ಪುಟ್ಟಬಸಮ್ಮನವರು ತಲೆದೂಗಿದರು.

ಊಟದ ಹೊತ್ತು ಕಳೆಯುವಷ್ಟರಲ್ಲಿ ಸುಂದರಮ್ಮನ ಅಂಗಳದಲ್ಲಿ ಬೀದಿಯ ಹೆಂಗಸರೆಲ್ಲ ನೆರೆದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಬ್ಬರ ಹಿಂದೆ ಒಬ್ಬರು ಬಂದು ನಿಂತರು. ಸುಮಿತ್ರಮ್ಮನವರು ಸಮಾಜದ ಪರವಾಗಿ ಬಂದರು. ಮಂಗಳಮ್ಮನೂ ಸುದ್ದಿ ಕೇಳಿ ಮುದ್ದುರಾಜನನ್ನು ಎದೆಗವಚಿಕೊಂಡು ಬಂದಳು. ಗೇಟಿನ ಮುಂದಿನ ಮುಕ್ಕು ಮುಚ್ಚಳವನ್ನು ದೂರದಿಂದಲೇ ಬಳಸಿಕೊಂಡು ಬಂದಳು. ದೇವರಾಜು ದಾಸವಾಳದ ಗಿಡದ ಹಿಂದೆ ನಿಂತು ಹೆಂಡತಿಯ ಕಾಲನ್ನೇ ನೋಡುತ್ತಿದ್ದ.

ಒಳಗೆ ತೊಟ್ಟಿಲು ಕಿರುಗುಟ್ಟುತ್ತಿತ್ತು. ಜೋಗುಳ ನಡೆದೇ ಇತ್ತು.

"ಇನ್ನೂ ಹಾಡ್ತಾವಳೆ ಕಣಮ್ಮ, ಹೆತ್ತ ಕಳ್ಳು" ಎಂದು ಪುಟ್ಟಬಸಮ್ಮನವರು ಗೊಳೋ ಎಂದರು. ಅಲ್ಲಿಯವರೆಗೆ ತಡೆದುಕೊಂಡಿದ್ದ ಹೆಂಗಸರೆಲ್ಲ ಒಟ್ಟಿಗೆ ಅತ್ತರು.

ಜೋಗುಳ ನಿಂತಿತು. ಸುಂದರಮ್ಮ ಸೀಗೆಕಾಯಿ ಕುಟ್ಟುತ್ತಿದ್ದ ಕೈಯಲ್ಲೇ ಹೊರಗೆ ಬಂದಳು. ಅಂಗಳದ ತುಂಬ ಅಳುವ ಹೆಂಗಸರು. ಅವಳನ್ನು ನೋಡಿದ ಕೂಡಲೇ ಎಲ್ಲರೂ ಕಣ್ಣು ತಗ್ಗಿಸಿದರು. ತೊಟ್ಟಿಲಿದ್ದ ಕೋಣೆಯ ಕಡೆಗಂತೂ ಯಾರೂ ಮುಖವೆತ್ತಲಿಲ್ಲ.

"ಏನಾಯ್ತು?" ಎಂದಳು ಸುಂದರಮ್ಮ.

ಅಳು ಇನ್ನೂ ಜೋರಾಯಿತು.

ಸುಂದರಮ್ಮನ ಮುಖದಿಂದ ರಕ್ತ ಇಳಿದುಹೋಯಿತು. "ಕಡಕೊಳದಿಂದ ಏನಾದ್ರೂ ಸುದ್ದಿ ಬಂತಾ?"

ಕಡಕೊಳ ಅವಳ ತವರು. ಅಲ್ಲಿಂದ ಸುದ್ದಿ ಯಾಕೆ ಬರಬೇಕು ಎಂದು ಅಲ್ಲಿದ್ದವರಿಗೆ ಯಾರಿಗೂ ಹೊಳೆಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಪುಟ್ಟಬಸಮ್ಮನವರು ಮಾತ್ರ ಅಳುತ್ತಲೇ, ಎಂದಿನಂತೆ, ತಲೆದೂಗಿದರು.

ಸುಂದರಮ್ಮ ಒಮ್ಮೆ ಕೂಗಿದಳು. ಆ ಕೂಗಿಗೆ ಮುದ್ದುರಾಜ ಬೆಚ್ಚಿಬಿದ್ದು ಅತ್ತ. ಮರುಗಳಿಗೆ ಅವಳು ಬರಿಗಾಲಲ್ಲಿ ಗೇಟು ದಾಟಿ ಚಾಮರಾಜಪುರಂ ಸ್ಟೇಷನ್ನಿನ ದಿಕ್ಕಿಗೆ ಓಡುತ್ತಿದ್ದಳು.

"ಹಿಡೀರಿ! ಬುದ್ಧಿ ಕೆಡ್ತಾ ಇದೆ!" ಎಂದು ಸುಮಿತ್ರಮ್ಮನವರು ಕೂಗಿದರು. ಹೆಂಗಸರೆಲ್ಲ ಹಿಂದೆ ಓಡಿದರು. ಕೆಂಪಯ್ಯನವರು ಮಾತ್ರ ಕರ್ತವ್ಯ ಮರೆಯಲಿಲ್ಲ. ತೊಟ್ಟಿಲ ಕೋಣೆಯ ಕಿಟಕಿ ಬಾಗಿಲುಗಳನ್ನು ಒಳಗೆ ನೋಡದೆ ಎಳೆದುಕೊಂಡು, ಚಿಲಕಕ್ಕೆ ದಾರ ಸುತ್ತಿ, ಮನೆಯಿಂದ ತಂದಿದ್ದ ಅರಗು ಕರಗಿಸಿ ಮುದ್ರೆ ಒತ್ತಿದರು. "ಪಂಚನಾಮೆ ಆಗೋ ತನಕ ನರಪ್ರಾಣಿ ಒಳಗೆ ಹೋಗಕೂಡದು" ಎಂದು ದಾಸವಾಳದ ಗಿಡಕ್ಕೆ ಹೇಳಿದರು. ಗಿಡದ ಹಿಂದಿದ್ದವನು ಆಗಲಿ ಎಂದ.

ಸುಂದರಮ್ಮನ ಗಂಡ ಕೃಷ್ಣಪ್ಪ ನಂಜನಗೂಡಿನ ರೈಲಿನಲ್ಲಿ ಗಾರ್ಡು. ಜಟಕಾಗಳಲ್ಲಿ ತುಂಬಿಕೊಂಡು ಹೆಂಗಸರು ಸ್ಟೇಷನ್ನಿಗೆ ಬಂದಾಗ ಅವನ ರೈಲು ಆಗಲೇ ನಿಂತಿತ್ತು. ಸುಂದರಮ್ಮ ಮುಂದಿನ ಡಬ್ಬಿ ಹತ್ತಿ ಕೂತಿದ್ದಳು. ಎಲ್ಲರೂ ಅದೇ ಡಬ್ಬಿಗೆ ನುಗ್ಗಿದರು. ಟಿಕೀಟು ಯಾರೂ ಕೊಳ್ಳಲಿಲ್ಲ. ದುಃಖಕ್ಕೆ ಟಿಕೀಟು ಇಲ್ಲ ಎಂದು ಕೆಂಪಯ್ಯನವರು ತೀರ್ಪು ಕೊಟ್ಟು, ದೇವರಾಜುವನ್ನು ಕೊನೆಯ ಡಬ್ಬಿಯ ಕಡೆಗೆ ತಳ್ಳಿದರು. "ತಂದೆ ಅವನು. ಹೋಗಿ ತಿಳಿಸು. ಮುಟ್ಟಿದೋನು ನೀನು."

ಕೃಷ್ಣಪ್ಪ ಹಸಿರು ಬಾವುಟ ಕಂಕುಳಲ್ಲಿ ಇಟ್ಟುಕೊಂಡು ಕಡಲೆಕಾಯಿ ತಿನ್ನುತ್ತಿದ್ದ. "ಏನ್ ದೇವರಾಜಣ್ಣ, ಒಂದೇ ಕಾಲಿಗೆ ಚಪ್ಪಲಿ? ನಂಜನಗೂಡಿಗೆ ಹರಕೆನಾ?"

"ಕೃಷ್ಣಪ್ಪ, ಮನಸ್ಸು ಗಟ್ಟಿ ಮಾಡ್ಕೋಬೇಕು."

"ಮನಸ್ಸು ಗಟ್ಟಿಯಾಗೇ ಇದೆ. ಇಂಜಿನ್ನೇ ಗಟ್ಟಿ ಇಲ್ಲ."

"ಬರೋರು ಬರ್ತಾರೆ, ಹೋಗೋರು ಹೋಗ್ತಾರೆ..."

"ಅದಕ್ಕೇ ಅಲ್ವಾ ರೈಲು ಬಿಟ್ಟಿರೋದು" ಎಂದು ಕೃಷ್ಣಪ್ಪ ಸೀಟಿ ಊದಿದ. ದೇವರಾಜು ಓಡಿಹೋಗಿ ಮುಂದಿನ ಡಬ್ಬಿಗೆ ನೇತುಬಿದ್ದ.

ಡಬ್ಬಿಯೊಳಗೆ ಮರದ ಬೆಂಚಿನ ಮೂಲೆಯಲ್ಲಿ ಸುಂದರಮ್ಮ ಅಳದೆ ಕೂತಿದ್ದಳು. ಅವಳ ಎದುರಿಗೆ ಮಂಗಳಮ್ಮ. ಅಶೋಕಪುರಂ ದಾಟುತ್ತಿದ್ದ ಹಾಗೆ ಮಂಗಳಮ್ಮ ಮಗುವನ್ನು ಸುಮಿತ್ರಮ್ಮನವರ ಮಡಿಲಿಗೆ ಹಾಕಿ, ದಡಕ್ಕನೆ ಸುಂದರಮ್ಮನ ಕಾಲು ಹಿಡಿದಳು. ದೇವರಾಜು ಕೈ ಅಡ್ಡ ಚಾಚಿದ. "ನಾನು! ನಾನು ಮಾಡಿದ್ದು!" ಎಂದ. ಯಾರೂ ಅವನ ಕಡೆ ನೋಡಲಿಲ್ಲ.

"ನಂದೇ ತಪ್ಪು ಕಣ್ರೀ" ಎಂದಳು ಮಂಗಳಮ್ಮ. "ನನ್ನ ಮಗೂಗೆ ದೃಷ್ಟಿ ತೆಗೆದು ನಿಮ್ಮ ಗೇಟಿಗೆ ಹಾಕ್ದೆ. ಮೂರು ದಾರಿ ಕೂಡೋ ಕಡೆ ಹಾಕ್ಬೇಕಿತ್ತು. ಬೇಕು ಅಂತ್ಲೇ ನಿಮ್ಮ ಗೇಟಿಗೆ ಹಾಕ್ದೆ. ನನ್ನ ಮಗೂದು ನಿಮ್ಮ ಮಗೂಗೆ ತಗುಲ್ಲಿ ಅಂತ. ಸಣ್ಣಗಾಗ್ಲಿ ಅಂತ ಅಷ್ಟೇ ಕಣ್ರೀ, ದೇವರಾಣೆ, ಹಿಂಗಾಗ್ಲಿ ಅಂತಲ್ಲ."

ಇಷ್ಟೇನಾ, ಎಂದು ದೇವರಾಜುವಿಗೆ ಜೀವ ಬಂತು. ಕೆಂಪನ್ನಕ್ಕೆ ಬೇಡಿ ಹಾಕುವ ಕಾನೂನು ಇದ್ದಂತಿಲ್ಲ. ಬಂದ ಜೀವ, ತೊಟ್ಟಿಲಿನ ನೆನಪಾಗಿ, ಮತ್ತೆ ಹೋಯಿತು.

ಸುಂದರಮ್ಮ ಕಾಲು ಎಳೆದುಕೊಳ್ಳಲಿಲ್ಲ. ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: "ಅದು ಮೊದಲೇ ಸಣ್ಣಗಾಗಿತ್ತು, ಮಂಗಳಮ್ಮ. ಡಬ್ಬದ ಹಾಲು ಒಗ್ಗಲೇ ಇಲ್ಲ. ಕುಡಿದದ್ದೆಲ್ಲ ಕಕ್ತಿತ್ತು. ಎಲ್ಲರ ಮುಂದೆ ಅಷ್ಟು ಮಾತಾಡಿ ಆ ಕಡ್ಡಿಕೈ ಹೇಗೆ ತೋರಿಸ್ಲಿ? ಅದಕ್ಕೇ ಹೋದ ತಿಂಗಳು ಕಡಕೊಳಕ್ಕೆ, ಅವ್ವನ ಹತ್ರ ಕಳಿಸ್ದೆ. ಹತ್ರ ಇಟ್ಕೊಂಡಿದ್ರೆ ಉಳೀತಿತ್ತೋ ಏನೋ."

ಮಂಗಳಮ್ಮ ಕಾಲು ಹಿಡಿದಂತೆಯೇ ತಲೆಯೆತ್ತಿದಳು.

"ಹೋದ ತಿಂಗಳೇ?" ಎಂದ ದೇವರಾಜು. "ಹಾಗಾದ್ರೆ ಬೆಳಿಗ್ಗೆ ತೊಟ್ಟಿಲಲ್ಲಿ ನಾನು ಮುಟ್ಟಿದ್ದು?"

"ರುಬ್ಬೋ ಗುಂಡು" ಎಂದಳು ಸುಂದರಮ್ಮ. "ಮಗು ಮನೇಲೇ ಇದೆ ಅಂತ ನೀವೆಲ್ಲ ನಂಬಬೇಕಲ್ಲ, ತೂಗ್ತಿದ್ದೆ. ಬರೀ ತೊಟ್ಟಿಲು ತೂಗಿದ್ರೆ ಮಗೂಗೆ ಆಗಿಬರೋಲ್ಲ ಅಂತಾರೆ. ನಾಮಕರಣದಲ್ಲಿ ಕೂಸಿಗಿಂತ ಮೊದಲು ಗುಂಡುಕಲ್ಲು ಮಲಗಿಸ್ತಾರಲ್ಲ, ಹಾಗೆ ಗುಂಡಿಗೆ ಕುಲಾವಿ ಹಾಕಿ ಮಲಗಿಸಿದ್ದೆ."

ಎಲ್ಲರೂ ದೇವರಾಜುವಿನ ಕಡೆ ತಿರುಗಿದರು. ಆ ನೋಟವನ್ನು ವರ್ಣಿಸುವ ಅಗತ್ಯವಿಲ್ಲ. ಕೆಂಪಯ್ಯನವರು ತಮ್ಮ ಬೆರಳಿಗೆ ಅಂಟಿದ್ದ ಅರಗನ್ನು ನೋಡಿಕೊಂಡರು. ಒಂದು ರುಬ್ಬುವ ಗುಂಡನ್ನು ಅವರು ಸರ್ಕಾರದ ಹೆಸರಿನಲ್ಲಿ ಮುದ್ರೆ ಹಾಕಿ ಬಂದಿದ್ದರು. "ಗುಂಡಿಗೆ ಅಳಿಸಿದೆಯಲ್ಲೋ ಪಾಪಿ" ಎಂದು ಪುಟ್ಟಬಸಮ್ಮನವರು ಅವನ ಬೆನ್ನಿಗೊಂದು ಗುದ್ದಿದರು. ಯಾರೋ ಕಿಸಕ್ಕೆಂದರು. ನಗು ಡಬ್ಬಿಯ ತುಂಬ ಹಬ್ಬುವುದರಲ್ಲಿತ್ತು.

ಸುಂದರಮ್ಮ ನಗಲಿಲ್ಲ.

"ಹಾಗಾದ್ರೆ ಕಡಕೊಳದಿಂದ ಏನು ಸುದ್ದಿ ಬಂತು?" ಎಂದಳು.

"ಯಾವ ಸುದ್ದೀನೂ ಬಂದಿಲ್ಲ ಕಣಮ್ಮ" ಎಂದರು ಎಲ್ಲರೂ.

"ಪುಟ್ಟಬಸಮ್ಮನೋರು ತಲೆ ಆಡಿಸಿದ್ರು."

"ನಾನು ಯಾವಾಗಲೂ ಆಡಿಸ್ತೀನಿ ಕಣವ್ವಾ! ನನ್ನ ತಲೆ ಮಾತು ಕಟ್ಕೋಬೇಡ!"

"ಮುಚ್ಚಿಡ್ತಿದೀರಿ" ಎಂದಳು ಸುಂದರಮ್ಮ. "ಸುದ್ದಿ ಇಲ್ಲದೆ ಯಾರಾದ್ರೂ ಬೀದಿಗೆ ಬೀದಿ ಅಳ್ತಾರಾ?"

ಅತ್ತದ್ದು ನಿಜ. ಅತ್ತವರಿಗೇ ಈಗ ಒಳಗೊಳಗೆ ಅನುಮಾನ ಬಂತು. ಇಷ್ಟು ಜನ ಒಂದು ಜೀವಂತ ಮಗುವಿಗೆ ಹಗಲು ಹೊತ್ತಿನಲ್ಲಿ ಕೂತು ಅತ್ತಿದ್ದಾರೆ. ಅದು ಒಳ್ಳೆಯದೇ? "ಬಿಡ್ತು ಅನ್ನಿ, ಬಿಡ್ತು ಅನ್ನಿ" ಎಂದು ಒಬ್ಬಾಕೆ ಕೆನ್ನೆ ಬಡಿದುಕೊಂಡಳು. ನಗು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಮಂಗಳಮ್ಮ ಬೆಂಚಿಗೆ ಏರಲೇ ಇಲ್ಲ. ನೆಲದ ಮೇಲೆ ಸುಂದರಮ್ಮನ ಕಾಲ ಬಳಿಯೇ ಕೂತು, ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ಕಡಕೊಳ ಬಂತು. ಹಿಂದಿನ ಡಬ್ಬಿಯಿಂದ ಕೃಷ್ಣಪ್ಪ ಇಳಿದ. ಹೆಂಡತಿಯನ್ನೂ ಅವಳ ಹಿಂದೆ ಇಡೀ ಬೀದಿಯನ್ನೂ ಕಂಡು ಅವನ ಬಾಯಲ್ಲಿದ್ದ ಕಡಲೆಕಾಯಿ ಹಾಗೇ ನಿಂತಿತು.

"ಅವ್ವ ಎಲ್ಲಿ?" ಎಂದಳು ಸುಂದರಮ್ಮ.

ಕೃಷ್ಣಪ್ಪ ಪ್ಲಾಟ್‌ಫಾರಂ ಉದ್ದಕ್ಕೂ ನೋಡಿದ. ಅವನ ಅತ್ತೆ ತಿಮ್ಮಮ್ಮ ದಿನವೂ ಈ ರೈಲಿನ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಬಂದು, ದೀಪದ ಕಂಬದ ಹತ್ತಿರ ನಿಂತು ಅಪ್ಪನಿಗೆ ತೋರಿಸಿ ಹೋಗುತ್ತಿದ್ದಳು. ಕಂಬದ ಹತ್ತಿರ ಯಾರೂ ಇರಲಿಲ್ಲ.

"ಒಂದಿನಾನೂ ತಪ್ಪಿಸಿದೋರಲ್ಲ" ಎಂದ ಕೃಷ್ಣಪ್ಪ, ಮೆಲ್ಲಗೆ. "ನಿನ್ನೆ ಚೆನ್ನಾಗೇ ಇತ್ತಲ್ಲ."

ರೈಲು ಹೊರಡುವ ಹೊತ್ತಾಯಿತು. ಇಂಜಿನ್ನಿನಿಂದ ಡ್ರೈವರು ಬಗ್ಗಿ ನೋಡಿದ. ಕೃಷ್ಣಪ್ಪ ಸೀಟಿಯನ್ನು ಬಾಯಿಗಿಟ್ಟುಕೊಂಡು ಊದದೆ ನಿಂತ. ಪುಟ್ಟಬಸಮ್ಮನವರು ಎರಡೂ ಕೈಯಿಂದ ತಮ್ಮ ತಲೆಯನ್ನು ಅಲುಗದಂತೆ ಹಿಡಿದುಕೊಂಡಿದ್ದರು. ದೇವರಾಜುವಿಗೆ ಬೆಳಗಿನ ತಣ್ಣನೆಯದು ಬೆರಳ ತುದಿಗೆ ಮತ್ತೆ ಹತ್ತಿತು. ಕಲ್ಲೆಂದು ಗೊತ್ತಿದ್ದೂ ಬೆರಳು ಪಂಚೆಗೆ ಒರೆಸಿಕೊಂಡ.

ಆಗ ಬೇಲಿಯಾಚೆಯ ಬೇವಿನ ಮರದ ಹಿಂದೆ ಯಾರೋ ಸೀನಿದರು. ಸಣ್ಣ ಸೀನು.

"ತಿಮ್ಮವ್ವಾ!" ಎಂದು ಕೃಷ್ಣಪ್ಪ ಕೂಗಿದ.

ಮರದ ಹಿಂದಿನಿಂದ ಒಂದು ಮುದುಕಿಯ ಮುಖ ಅರ್ಧ ಕಾಣಿಸಿತು. "ಹೋಗಲಿ ಬುಡಪ್ಪ, ಇವರೆಲ್ಲ ಹೋದ್ಮೇಲೆ ಬತ್ತೀನಿ" ಎಂದಿತು ಆ ಮುಖ. "ಇಷ್ಟೊಂದು ಜನ ಪ್ಯಾಟೆ ಹೆಂಗಸರು ಇಳಿದವ್ರೆ, ಕೂಸಿಗೆ ದೃಷ್ಟಿ ಆಯ್ತದೆ!"

ಸುಂದರಮ್ಮ ಬೇಲಿಯನ್ನು ಹೇಗೆ ದಾಟಿದಳೋ. ತಿಮ್ಮಮ್ಮನ ಸೆರಗಿನ ಒಳಗಿಂದ ನಳಿನಿ ಹೊರಗೆ ಬಂದಳು. ಕೆನ್ನೆ ತುಂಬ ಬೆಲ್ಲ, ಹಣೆಯಲ್ಲಿ ಅಂಗೈಯಗಲದ ಕಾಡಿಗೆ ಬೊಟ್ಟು. ತೊಡೆಯ ಮಡಿಕೆಗಳನ್ನು ಎಣಿಸಬೇಕಾದರೆ ಬೆರಳಿಂದ ಬಿಡಿಸಿ ನೋಡಬೇಕಾಗಿತ್ತು.

ಸುಂದರಮ್ಮ ಎರಡೂ ಕೈ ಚಾಚಿದಳು. ಮಗು ಅವಳನ್ನು ನೋಡಿತು. ಸ್ವಲ್ಪ ಹೊತ್ತು ನೋಡಿತು. ಆಮೇಲೆ ತುಟಿ ಬಿಗಿದು, ಮುಖ ತಿರುಗಿಸಿ, ಅಜ್ಜಿಯ ಕುತ್ತಿಗೆಯನ್ನು ತಬ್ಬಿಕೊಂಡು ಅಳತೊಡಗಿತು.

ಒಂದು ತಿಂಗಳು ಗುಂಡುಕಲ್ಲಿಗೆ ಜೋಗುಳ ಹಾಡಿದ ತಾಯಿ ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ನಿಂತಳು. ಬೇಲಿಯ ಈಚೆ ಸುಮಿತ್ರಮ್ಮನವರು ಗಂಟಲು ಸರಿಮಾಡಿಕೊಂಡು, "ನಿಯಮದ ಪ್ರಕಾರ..." ಎಂದು ಶುರುಮಾಡಿ, ಸುತ್ತ ನೋಡಿ, ನಿಲ್ಲಿಸಿದರು.

ಮಂಗಳಮ್ಮ ಸುಮಿತ್ರಮ್ಮನವರಿಂದ ಮಗುವನ್ನು ಎತ್ತಿಕೊಂಡು ಬೇಲಿ ದಾಟಿ ಬಂದಳು. ಮುದ್ದುರಾಜನನ್ನು ಸುಂದರಮ್ಮನ ಚಾಚಿದ ಕೈಗಳಲ್ಲಿ ಕೂರಿಸಿದಳು. ಮುದ್ದುರಾಜ ಯಾರ ಕಂಕುಳಾದರೂ ಬೇಡವೆನ್ನುವವನಲ್ಲ. ಅವನು ಸುಂದರಮ್ಮನ ಕರಿಮಣಿಯನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿದ. ನಳಿನಿಯ ಅಳು ಕಡಿಮೆಯಾಯಿತು. ತನ್ನದೊಂದು ವಸ್ತು ಇನ್ನೊಬ್ಬರ ಬಾಯಲ್ಲಿರುವುದನ್ನು ಅವಳು ಬಹಳ ದಿನದಿಂದ ನೋಡಿರಲಿಲ್ಲ. ದಿಟ್ಟಿಸಿದಳು. ಅಜ್ಜಿಯ ಸೊಂಟದಿಂದ ಬಗ್ಗಿ, ಕೈ ಚಾಚಿ, ಕರಿಮಣಿಯ ಇನ್ನೊಂದು ಕಡೆಯನ್ನು ಹಿಡಿದಳು. ಹಿಡಿದವಳು ಬಿಡಲಿಲ್ಲ. ಬಿಡದೆ, ಅದರ ಹಿಂದೆಯೇ ತಾಯಿಯ ಎದೆಗೆ ಬಂದಳು.

ಮಂಗಳಮ್ಮ ಆ ಮಗುವಿನ ಎರಡು ಕೆನ್ನೆಯನ್ನೂ ಸವರಿ, ಬೆರಳುಗಳನ್ನು ತನ್ನ ಕಪಾಲಕ್ಕೆ ಒತ್ತಿ ನೆಟಿಕೆ ಮುರಿದಳು. ಎಲ್ಲ ಬೆರಳೂ ಒಟ್ಟಿಗೆ ಲಟಲಟನೆ ಮುರಿದವು. "ನಂದೇ ದೃಷ್ಟಿ. ಹೋಯ್ತು" ಎಂದಳು.

ಕೃಷ್ಣಪ್ಪ ಸೀಟಿ ಊದಿದ. ಆ ದಿನ ನಂಜನಗೂಡಿನ ರೈಲು ಯಾಕೆ ತಡವಾಯಿತೆಂದು ಮೇಲಿನವರು ಕೇಳಿದಾಗ, ಇಂಜಿನ್ ಗಟ್ಟಿ ಇರಲಿಲ್ಲ ಎಂದು ಹೇಳಿದನಂತೆ.

ಶಿಶು ಪ್ರದರ್ಶನ ನಡೆಯಿತು. ಇಬ್ಬರು ತಾಯಂದಿರೂ ಮಕ್ಕಳನ್ನು ಕರೆದುಕೊಂಡು ಹೋಗಲಿಲ್ಲ. ಬೆಳ್ಳಿಯ ಒಳಲೆ, ಪರೀಕ್ಷೆಗೆ ಬಂದ ಡಾಕ್ಟರಮ್ಮನ ಬೆರಳು ಕಚ್ಚಿದ ಒಂಟಿಕೊಪ್ಪಲಿನ ಯಾವುದೋ ಕೂಸಿಗೆ ಹೋಯಿತು. ಕಡಕೊಳಕ್ಕೆ ಹೋದ ದಿನ ಸಂಜೆ ವಾಪಸು ರೈಲಿಗೆ ಕಾಯುವಾಗ ಸುಮಿತ್ರಮ್ಮನವರು ತಿಮ್ಮಮ್ಮನನ್ನು ಪಕ್ಕಕ್ಕೆ ಕರೆದು, ಮಗುವಿಗೆ ಏನೇನು ಕೊಡುತ್ತೀರಿ ಎಂದು ಬಹಳ ಹೊತ್ತು ಕೇಳುತ್ತಿದ್ದರೆಂದು ಪುಟ್ಟಬಸಮ್ಮನವರು ಹೇಳುತ್ತಾರೆ. ಅವರ ಮಾತನ್ನು ನಂಬಬಹುದು. ತಲೆಯನ್ನು ಮಾತ್ರ ಯಾರೂ ನಂಬುವುದಿಲ್ಲ.

ತೊಟ್ಟಿಲ ಕೋಣೆಯ ಮುದ್ರೆ ಒಡೆಯಲು ಕೆಂಪಯ್ಯನವರು ಒಪ್ಪಿದ್ದು ಮರುದಿನ, ಇಬ್ಬರು ಪಂಚರ ಎದುರಿಗೆ.

ಮುಂದಿನ ಭಾನುವಾರ ದೇವರಾಜು ಹೊಸ ಕಾದಂಬರಿಯ ಮೊದಲನೆಯ ಹೆಣದವರೆಗೆ ಓದಿದ್ದ. ಕಾಂಪೌಂಡಿನಾಚೆ ರುಬ್ಬುವ ಸದ್ದು ಬಹಳ ದಿನಗಳ ಮೇಲೆ ಕೇಳಿಸಿ ನಿಂತಿತ್ತು. ಚಾಪೆ ಮತ್ತೆ ಒಂದಾಗಿತ್ತು. ಮಂಗಳಮ್ಮ ಮುಚ್ಚಿದ ಒಂದು ತಟ್ಟೆಯನ್ನು ತಂದು ಅವನ ಮುಂದಿಟ್ಟಳು.

"ಸುಂದರಮ್ಮ ಕೊಟ್ಟು ಕಳಿಸಿದಾಳೆ. ನಿಮಗೇ ಅಂತೆ."

ಒಳಗೆ ದೋಸೆಗಳಿದ್ದವು. ದೇವರಾಜು ಅವನ್ನು ನೋಡಿದ, ಹೆಂಡತಿಯನ್ನು ನೋಡಿದ. "ಯಾವ ಗುಂಡಿನಲ್ಲಿ ರುಬ್ಬಿದ್ದು?" ಎಂದ.

"ಅದೇ" ಎಂದಳು ಮಂಗಳಮ್ಮ. "ಒಂದ್ಸಲ ಮುಟ್ಟಿ ನೋಡೋಕೆ ಹೇಳು ಅಂದ್ಲು. ಈ ಸಲ ಬಿಸಿಯಾಗಿದೆಯಂತೆ."